ವರ್ಟಸ್ ಜಿಟಿ 1.5 ಡಿಎಸ್‌ಜಿ: ಐವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಏನು ಉಳಿಯುತ್ತದೆ, ಏನು ಸವೆಯುತ್ತದೆ

ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್ ಕೊಡುವ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್. ಅದರ ಬೆನ್ನಿಗೆ ಕೂತಿರುವ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿಗೆ ಕಂಪನಿಯವರ ಭಾಷೆಯಲ್ಲಿ ಡಿಕ್ಯೂ200 ಎಂದು ಹೆಸರು. ಅದು ತಡೆದುಕೊಳ್ಳಬಲ್ಲ ಟಾರ್ಕ್‌ನ ಮಿತಿಯೂ 250 ನ್ಯೂಟನ್ ಮೀಟರ್. ಅಂದರೆ ಗೇರ್‌ಬಾಕ್ಸ್ ಕೈಯಲ್ಲಿ ಚಿಲ್ಲರೆ ಎಂದು ಏನೂ ಮಿಕ್ಕಿಲ್ಲ. ಮೊದಲ ಅಂಕಿ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಸಿಗುತ್ತದೆ, ಎರಡನೆಯದನ್ನು ಹುಡುಕಿಕೊಂಡು ಹೋಗಬೇಕು. ಈ ಕಾರನ್ನು ಎರಡು ವರ್ಷಕ್ಕೆ ಮಾರುವವರಿಗೆ ಇದು ಬೇಕಾಗಿಲ್ಲ. ಆರೇಳು ವರ್ಷ ಇಟ್ಟುಕೊಳ್ಳುವವರು ಮಾತ್ರ ಇಲ್ಲಿಂದಲೇ ಲೆಕ್ಕ ಶುರು ಮಾಡಬೇಕು.

ವರ್ಟಸ್ ಇಲ್ಲಿ ಮಾರಾಟಕ್ಕೆ ಬಂದದ್ದು 2022ರ ಜೂನ್‌ನಲ್ಲಿ. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗುತ್ತದೆ. ಸ್ಕೋಡಾ ಸ್ಲಾವಿಯಾ ಇದರ ಅಕ್ಕನೋ ತಂಗಿಯೋ; ಎಂಜಿನ್, ಗೇರ್‌ಬಾಕ್ಸ್, ಅಡಿಗಟ್ಟು ಎಲ್ಲ ಒಂದೇ. ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ಸ್ಲಾವಿಯಾ 1.5 ಇಟ್ಟುಕೊಂಡವರಿಗೂ ಹೊಂದುತ್ತದೆ. ಬಂದಾಗ ಜಿಟಿಯ ಎಕ್ಸ್‌-ಶೋರೂಂ ಬೆಲೆ 17.91 ಲಕ್ಷ ರೂಪಾಯಿ ಇತ್ತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ 17ರ ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ಸು, ಆಮೇಲೆ ವಿಮೆ. ಎಲ್ಲ ಸೇರಿ ರಸ್ತೆಗಿಳಿಯುವಾಗ 22 ಲಕ್ಷದ ಬಾಗಿಲು ತಟ್ಟುತ್ತಿತ್ತು.

ಎಂಜಿನ್: ಇದಕ್ಕಾಗಿಯೇ ಕೊಳ್ಳುವುದು

ನಾಲ್ಕು ಸಿಲಿಂಡರ್, ಟರ್ಬೊ, 150 ಪಿಎಸ್. 1600 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಸಿಗುತ್ತದೆ, 3500ರವರೆಗೂ ಅದು ಇಳಿಯುವುದಿಲ್ಲ. ಕಾಗದದ ಈ ಅಂಕಿ ರಸ್ತೆಯಲ್ಲಿ ಹೇಗೆ ಕಾಣುತ್ತದೆ ಅಂದರೆ, ಶಿರಾಡಿ ಘಾಟಿಯ ಏರಿನಲ್ಲಿ ಮುಂದೆ ಟ್ಯಾಂಕರ್ ತೆವಳುತ್ತಿದ್ದು ಎದುರಿಗೆ ಇನ್ನೂರು ಮೀಟರ್ ಖಾಲಿ ಸಿಕ್ಕರೆ, ಎಡಗೈ ಪ್ಯಾಡಲ್ ಒಮ್ಮೆ ಎಳೆದು ಮೂರನೇ ಗೇರಿಗೆ ಬಂದರೆ ಸಾಕು. ಎಂಜಿನ್ ಅರಚಿಕೊಳ್ಳದೆ ದಾಟಿಸಿಬಿಡುತ್ತದೆ. ಐದು ಜನ ಕೂತು ಡಿಕ್ಕಿ ತುಂಬಿದ್ದರೂ ಈ ಬಲದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 1.0 ಲೀಟರ್ ವರ್ಟಸ್‌ನಿಂದ ಇಲ್ಲಿಗೆ ಬಂದವರಿಗೆ ಮೊದಲು ಹಿಡಿಸುವುದು ವೇಗವಲ್ಲ, ಈ ನಿರಾಯಾಸ.

ಸಣ್ಣ ಹೊರೆಯಲ್ಲಿ ಸಮವೇಗದಿಂದ ಹೋಗುವಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರ್ ಮಲಗುತ್ತವೆ. ಮೀಟರಿನಲ್ಲಿ ಎರಡು ಸಿಲಿಂಡರ್ ಮೋಡ್ ಎಂದು ಬರುತ್ತದೆ. ಆಗ ಕಾಲಡಿ ಸಣ್ಣ ಗುಂಯ್ ಎನ್ನುವ ಅದುರು ಗೊತ್ತಾದರೆ ದೋಷವೆಂದು ಸರ್ವಿಸ್ ಸೆಂಟರಿಗೆ ಓಡಬೇಕಿಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ನಾಲ್ಕೂ ಎದ್ದು, ಆ ಅದುರು ಮಾಯವಾಗಬೇಕು. ಮಾಯವಾಗದೆ ಐಡಲಿನಲ್ಲೂ ಮುಂದುವರಿದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ಅಥವಾ ಎಂಜಿನ್ ಮೌಂಟ್ ಕಡೆ ನೋಡಬೇಕು.

ಮೈಲೇಜ್ ವಿಚಾರ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐಯ ಪ್ರಮಾಣಪತ್ರದಲ್ಲಿದ್ದದ್ದು ಲೀಟರಿಗೆ 18.67 ಕಿಲೋಮೀಟರ್. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ದಿನಾ ಬೆಳಿಗ್ಗೆ ಹೋಗಿ ಬರುವವರಿಗೆ ಸಾಮಾನ್ಯವಾಗಿ 9ರಿಂದ 11 ಸಿಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿಯೊಳಗೆ ಕ್ರೂಸ್ ಹಾಕಿ ಬಿಟ್ಟರೆ 18, ಕೆಲವೊಮ್ಮೆ 20. ಇಷ್ಟು ದೊಡ್ಡ ಅಂತರ ಯಾಕೆಂದರೆ ಎರಡು ಸಿಲಿಂಡರ್ ಮಲಗುವ ಉಪಾಯ ಹೆದ್ದಾರಿಯಲ್ಲಿ ಮಾತ್ರ ಸರಿಯಾಗಿ ಕೆಲಸಕ್ಕೆ ಬರುತ್ತದೆ, ಊರೊಳಗೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಟ್ಯಾಂಕ್ 45 ಲೀಟರ್. ಊರೊಳಗಿನ ಓಡಾಟಕ್ಕೆ ನಾನೂರು ಕಿಲೋಮೀಟರ್ ತುಂಬುವ ಮೊದಲೇ ಬಂಕ್ ನೆನಪಾಗುತ್ತದೆ. ಮೀಟರ್ ತೋರಿಸುವ ಸರಾಸರಿಯನ್ನು ನಂಬಿ ಕೂರಬೇಡಿ. ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಟ್ರಿಪ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ ಭಾಗಿಸಿ ನೋಡುವುದೇ ಸರಿಯಾದ ಲೆಕ್ಕ.

ಬಾನೆಟ್ ಎತ್ತಿ ಕಣ್ಣಿಡಬೇಕಾದ ಜಾಗ ಒಂದಿದೆ. ಈ ಇಎ211 ಕುಟುಂಬದ ಎಂಜಿನ್‌ಗಳಲ್ಲಿ ವಾಟರ್ ಪಂಪ್ ಸಿಲಿಂಡರ್ ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ, ಥರ್ಮೋಸ್ಟ್ಯಾಟ್ ಜೊತೆ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿರುತ್ತದೆ. ಕ್ಯಾಮ್‌ಶಾಫ್ಟಿನಿಂದ ಒಂದು ಪುಟ್ಟ ಹಲ್ಲಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಪ್ಲಾಸ್ಟಿಕ್ ಗೂಡು, ರಬ್ಬರ್ ಸೀಲು, ದಿನಾ ಕಾದು ಆರುವ ನೀರು: ವರ್ಷಗಳ ಮೇಲೆ ಇಲ್ಲಿ ಜಿನುಗುವುದು ಈ ಎಂಜಿನ್ ಕುಟುಂಬಕ್ಕೆ ಹಳೆಯ ರೋಗ. ಜಿನುಗು ಕೆಳಗೆ ಹನಿಯಾಗಿ ಬೀಳುವುದಿಲ್ಲ, ಬಿಸಿ ಲೋಹದ ಮೇಲೆ ಅಲ್ಲೇ ಒಣಗಿ ಗುಲಾಬಿ ಬಣ್ಣದ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ತಿಂಗಳಿಗೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯಲ್ಲಿ ಮಟ್ಟ ನೋಡಿ, ಮೊಬೈಲಿನಲ್ಲೊಂದು ಫೋಟೊ ತೆಗೆದಿಡಿ. ಮೂರು ತಿಂಗಳ ಫೋಟೊ ಪಕ್ಕಪಕ್ಕ ಇಟ್ಟರೆ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕಡಿಮೆಯಾದಾಗ ಪಂಕ್ಚರ್ ಅಂಗಡಿಯ ಹಸಿರು ಕೂಲಂಟ್ ಸುರಿಯಲೇಬಾರದು. ಎರಡೂ ಬೆರೆತು ಕಂದು ಬಣ್ಣಕ್ಕೆ ತಿರುಗಿದರೆ ಇಡೀ ವ್ಯವಸ್ಥೆ ತೊಳೆಯಬೇಕಾಗುತ್ತದೆ. ದಾರಿಯಲ್ಲಿ ಏನೂ ಸಿಗದಿದ್ದರೆ ಬ್ಯಾಟರಿಗೆ ಹಾಕುವ ಶುದ್ಧ ನೀರು ಹಾಕಿಕೊಂಡು ಊರು ಸೇರಿ, ಆಮೇಲೆ ಸರಿಯಾದ ಕೂಲಂಟಿನಿಂದ ಪ್ರಮಾಣ ಸರಿಪಡಿಸಿದರಾಯಿತು.

ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮುವ ಎಂಜಿನ್ ಇದು. ಹಾಗಾಗಿ ಇನ್‌ಟೇಕ್ ವಾಲ್ವಿನ ಬೆನ್ನನ್ನು ಪೆಟ್ರೋಲ್ ತೊಳೆಯುವುದೇ ಇಲ್ಲ, ಅಲ್ಲಿ ನಿಧಾನವಾಗಿ ಮಸಿ ಕೂರುತ್ತದೆ. ಬಂಕಿನಲ್ಲಿ ಮಾರುವ ಸಣ್ಣ ಬಾಟಲಿಯ ಕ್ಲೀನರ್ ಟ್ಯಾಂಕಿಗೆ ಹಾಕಿದರೆ ಇಂಜೆಕ್ಟರ್‌ಗೆ ಅಷ್ಟಿಷ್ಟು ಉಪಯೋಗವಾದೀತು, ವಾಲ್ವಿನ ಮಸಿಗೆ ಅದು ತಾಗುವುದಿಲ್ಲ. ಸರ್ವಿಸ್ ಅಡ್ವೈಸರ್ ಆ ಹೆಸರಿನಲ್ಲಿ ಬಿಲ್ಲಿಗೆ ಸೇರಿಸಲು ಬಂದರೆ ಬೇಡ ಎನ್ನಿ.

ಮೀಟರಿನಲ್ಲಿ ಇಪಿಸಿ ಎಂಬ ಎಂಜಿನ್ ಎಚ್ಚರಿಕೆ ದೀಪ ಹತ್ತಿ ಪಿಕಪ್ ಬಿದ್ದುಹೋಯಿತು ಅನ್ನುವ ದೂರು ಈ ಕಾರಿನ ಮಾಲೀಕರ ಬಾಯಲ್ಲಿ ಆಗಾಗ ಕೇಳುತ್ತದೆ. ಇಪಿಸಿ ಅನ್ನುವುದು ಒಂದು ರೋಗದ ಹೆಸರಲ್ಲ, ಜ್ವರ ಇದ್ದ ಹಾಗೆ. ಹೈ ಪ್ರೆಷರ್ ಪಂಪ್, ಇಂಜೆಕ್ಟರ್, ಥ್ರಾಟಲ್, ಟರ್ಬೊ ವೇಸ್ಟ್‌ಗೇಟ್, ಕೊನೆಗೆ ಬ್ರೇಕ್ ಪೆಡಲ್ ಸ್ವಿಚ್ಚು ಕೆಟ್ಟರೂ ಅದೇ ದೀಪ. ಕೋಡ್ ಓದಿಸದೆ ಯಾವ ಪಾರ್ಟೂ ಬದಲಿಸಲು ಒಪ್ಪಬಾರದು. ಕೋಡ್ ಅಳಿಸುವ ಮುಂಚೆ ಸ್ಕ್ರೀನಿನ ಫೋಟೊ ಇರಲಿ. ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಹೆಚ್ಚಾದ ಮೇಲೆ ಇನ್ನೊಂದು ಎಚ್ಚರ: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಮಳೆಗಾಲದಲ್ಲಿ ಕಾಲು ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸುವುದು, ಗಿರಾಕಿಯಿಲ್ಲದ ಬಂಕಿನಲ್ಲಿ ತುಂಬಿಸುವುದು ಎರಡೂ ಬೇಡ. 2022ರ ಗಾಡಿಯಾದರೆ ಪೆಟ್ರೋಲ್ ಮುಚ್ಚಳದ ಒಳಗೆ ಯಾವ ಇಂಧನ ಬರೆದಿದೆ ಎಂದು ಒಮ್ಮೆ ಓದಿಕೊಳ್ಳಿ.

ಡಿಎಸ್‌ಜಿ ಜೊತೆ ಸಂಸಾರ

ಇದು ಟಾರ್ಕ್ ಕನ್ವರ್ಟರ್ ಇರುವ ಮಾಮೂಲಿ ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಎರಡು ಒಣ ಕ್ಲಚ್. ಕೆ1 ಎನ್ನುವುದು 1, 3, 5, 7ನೇ ಗೇರಿಗೆ. ಕೆ2 ಎನ್ನುವುದು 2, 4, 6 ಮತ್ತು ರಿವರ್ಸ್‌ಗೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಇನ್ನೊಂದು ಕ್ಲಚ್ಚಿನ ಮೇಲೆ ತಯಾರಾಗಿ ಕೂತಿರುತ್ತದೆ, ಅದಕ್ಕೇ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕ್ಲಚ್ ಒತ್ತುವ ಬಿಡುವ ಕೆಲಸ ಮೆಕಾಟ್ರಾನಿಕ್ ಎಂಬ ಪೆಟ್ಟಿಗೆಯದು. ಅದರೊಳಗೆ ಸ್ವಂತ ಎಣ್ಣೆ, ಸ್ವಂತ ಪಂಪ್, ಕಂಪ್ಯೂಟರ್ ಎಲ್ಲ ಇವೆ.

ಒಣ ಕ್ಲಚ್ ಎಂದರೆ ತಣಿಸಲು ಎಣ್ಣೆಯಿಲ್ಲ, ಗಾಳಿ ಮಾತ್ರ. ಹೆಬ್ಬಾಳದ ಜಾಮಿನಲ್ಲಿ ನಿಮಿಷಕ್ಕೆ ಹತ್ತು ಮೀಟರ್ ತೆವಳುವಾಗ ಆ ಗಾಳಿಯೂ ಇಲ್ಲ. ಬ್ರೇಕಿನಿಂದ ಕಾಲು ಅರ್ಧ ಎತ್ತಿದರೆ ಕೆ1 ಅರ್ಧ ಹಿಡಿದು ಉಜ್ಜುತ್ತದೆ. ಕಾರು 15ರ ವೇಗ ಮುಟ್ಟುವಷ್ಟರಲ್ಲಿ ಡಿ ಮೋಡ್ ಎರಡನೇ ಗೇರಿಗೆ ಹೋಗಿ ಕೆ2 ಹಿಡಿಯುತ್ತದೆ, ಮುಂದಿನ ಕಾರು ನಿಂತಿತೆಂದು ಬ್ರೇಕ್ ಹಾಕಿದರೆ ಮತ್ತೆ ಕೆ1. ಒಂದು ಸಿಗ್ನಲ್ ದಾಟುವುದರೊಳಗೆ ಈ ಆಟ ಇಪ್ಪತ್ತು ಸಲ. ಕ್ಲಚ್ ತಿನ್ನುವುದು ಹೆದ್ದಾರಿಯ 140ರ ವೇಗವಲ್ಲ, ಈ ತೆವಳಾಟ. ದಿನಾ ಮಂಡ್ಯ–ಮೈಸೂರು ಓಡಾಡುವ ಗಾಡಿಯ ಕ್ಲಚ್ಚಿಗೂ ಮಾರತ್ತಹಳ್ಳಿಯಲ್ಲೇ ಸುತ್ತುವ ಗಾಡಿಯ ಕ್ಲಚ್ಚಿಗೂ ಕಿಲೋಮೀಟರ್ ಒಂದೇ ಇದ್ದರೂ ವಯಸ್ಸು ಬೇರೆ.

ಓಡಿಸುವ ರೀತಿಯಲ್ಲಿ ಬದಲಿಸಿಕೊಳ್ಳಬೇಕಾದ್ದು ಹೆಚ್ಚೇನಿಲ್ಲ, ಆದರೆ ಬಿಡದೆ ಪಾಲಿಸಬೇಕು. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಆಗ ಕ್ಲಚ್ ಪೂರ್ತಿ ತೆರೆದುಕೊಳ್ಳುತ್ತದೆ. ಸಿಗ್ನಲಿನಲ್ಲಿ ಪ್ರತಿ ಸಲ ಎನ್‌ಗೆ ಹಾಕುವ ಅಭ್ಯಾಸ ಹಲವರಿಗಿದೆ. ಬ್ರೇಕ್ ಸರಿಯಾಗಿ ಒತ್ತಿದ್ದರೆ ಅದರ ಅಗತ್ಯವಿಲ್ಲ, ಎರಡು ಮೂರು ನಿಮಿಷದ ನಿಲುಗಡೆಯಾದರೆ ಎನ್ ಮತ್ತು ಹ್ಯಾಂಡ್‌ಬ್ರೇಕ್ ನಿಮ್ಮ ಕಾಲಿಗೆ ಸುಖ, ಅಷ್ಟೇ. ಮುಂದಿನ ಕಾರು ಒಂದಡಿ ಸರಿಯಿತೆಂದು ನೀವೂ ಒಂದಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಆದ ಮೇಲೆ ಬ್ರೇಕ್ ಪೂರ್ತಿ ಬಿಟ್ಟು ಹೋಗಿ ಪೂರ್ತಿ ನಿಲ್ಲಿಸಿ. ಆ ಜಾಗಕ್ಕೆ ಆಟೊ ನುಗ್ಗುತ್ತದೆ ಅನ್ನುತ್ತೀರಿ. ನುಗ್ಗಲಿ, ಕ್ಲಚ್ ಬಿಲ್ಲು ಆಟೊದವರು ಕಟ್ಟುವುದಿಲ್ಲ. ತೆವಳಾಟ ಉದ್ದವಿದ್ದರೆ ಮ್ಯಾನುಯಲ್ ಮೋಡಿಗೆ ಎಳೆದು ಒಂದನೇ ಗೇರಿನಲ್ಲೇ ಬೀಗ ಹಾಕಿದರೆ ಕೆ1–ಕೆ2 ಜಗ್ಗಾಟ ತಪ್ಪುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತೂಗಿಸಿ ನಿಲ್ಲಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಹಿಲ್ ಹೋಲ್ಡ್ ಎರಡು ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಹೊರಡಬೇಕು, ಹೊರಡಲಾಗದಿದ್ದರೆ ಹ್ಯಾಂಡ್‌ಬ್ರೇಕ್. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕೂ ಆಟೊ ಹೋಲ್ಡೂ ಈ ಕಾರಿನಲ್ಲಿಲ್ಲ. ಈ ಬೆಲೆಗೆ, ಅದರಲ್ಲೂ ಈ ಗೇರ್‌ಬಾಕ್ಸಿಗೆ, ಅವೆರಡು ಇರಬೇಕಿತ್ತು. ಸನ್‌ರೂಫ್ ಕೊಟ್ಟ ಕಾಸಿನಲ್ಲಿ ಆಟೊ ಹೋಲ್ಡ್ ಕೊಟ್ಟಿದ್ದರೆ ಎಷ್ಟೋ ಕ್ಲಚ್ ಉಳಿಯುತ್ತಿದ್ದವು.

ಇಳಿಜಾರಿನಲ್ಲಿ ನಿಲ್ಲಿಸುವಾಗ ಅನುಕ್ರಮ ಮುಖ್ಯ: ಬ್ರೇಕ್ ಒತ್ತಿ, ಎನ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಸ್ವಲ್ಪ ಬಿಟ್ಟು ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ ಪಿ. ನೇರ ಪಿ ಹಾಕಿ ಬ್ರೇಕ್ ಬಿಟ್ಟರೆ ಇಡೀ ಕಾರು ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆಗೆ ನೇತುಬೀಳುತ್ತದೆ. ಮರುದಿನ ಪಿಯಿಂದ ತೆಗೆಯುವಾಗ ಬರುವ ಠಣ್ ಸದ್ದು ಅದರದ್ದೇ.

ಡಿಕ್ಯೂ200ಕ್ಕೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಬಿಸಿಲು ಮತ್ತು ತೇವ ಎರಡೂ ಇರುವ ಹವೆಯಲ್ಲಿ ಒಳಗಿನ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ತೊಂದರೆಯಾಗುತ್ತದೆಂದು 2013ರಲ್ಲಿ ಕಂಪನಿ ಜಗತ್ತಿನಾದ್ಯಂತ 16 ಲಕ್ಷದಷ್ಟು ಕಾರುಗಳನ್ನು ವಾಪಸ್ ಕರೆಸಿ ಮಿನರಲ್ ಎಣ್ಣೆ ಹಾಕಿಕೊಟ್ಟಿತು. ಬಿಸಿಲು ಮತ್ತು ತೇವ ಅಂದರೆ ನಮ್ಮ ಮಂಗಳೂರು, ಉಡುಪಿ, ಕಾರವಾರದ ಹವೆಯೇ ಆಯಿತು. ಅಲ್ಲಿಂದ ಈಚೆಗೆ ಗೇರ್‌ಬಾಕ್ಸ್ ಸುಧಾರಿಸಿದೆ, ಇದೇ ಗೇರ್‌ಬಾಕ್ಸ್ ಇದ್ದ ಹಳೆಯ ಪೋಲೊ ಜಿಟಿ ಟಿಎಸ್‌ಐ ಕಾಲದ ಕಥೆಗಳನ್ನು ವರ್ಟಸ್‌ಗೆ ಹಾಗೇ ಅಂಟಿಸುವುದು ನ್ಯಾಯವಲ್ಲ. ಆದರೆ ಒಣ ಕ್ಲಚ್ ಒಣ ಕ್ಲಚ್ಚೇ. ವಾರಂಟಿ ಮುಗಿದ ಮೇಲೆ ಕ್ಲಚ್ ಸೆಟ್ಟೋ ಮೆಕಾಟ್ರಾನಿಕ್ಕೋ ಹೋದರೆ ಮಾತು ಸಾವಿರದಲ್ಲಿ ಮುಗಿಯುವುದಿಲ್ಲ, ಲಕ್ಷದಲ್ಲೇ ಶುರುವಾಗುತ್ತದೆ. ಬಿಡುಗಡೆಯಾದಾಗ ಕೊಟ್ಟ ವಾರಂಟಿ 4 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಮೊದಲ ಗಾಡಿಗಳಿಗೆ ಅದು 2026ರ ಮಧ್ಯಕ್ಕೆ ಮುಗಿಯುತ್ತದೆ. ಡಿಎಸ್‌ಜಿ ಇದ್ದವರು ಹೆಚ್ಚುವರಿ ವಾರಂಟಿಯನ್ನು ಖರ್ಚು ಎಂದು ನೋಡದೆ ಕಾರಿನ ಬೆಲೆಯ ಒಂದು ಭಾಗ ಎಂದೇ ಲೆಕ್ಕ ಹಿಡಿಯಬೇಕು.

ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ, 200 ಪಿಎಸ್, 300ರ ಮೇಲೆ ಟಾರ್ಕ್ ಮಾಡಿಸಿಕೊಳ್ಳುವ ಗೀಳಿನವರಿಗೆ ಮೇಲೆ ಹೇಳಿದ 250ರ ಮಿತಿ ಇನ್ನೊಮ್ಮೆ ನೆನಪಿಸಬೇಕು. ಎಂಜಿನ್ ಅದನ್ನು ಕೊಡಬಲ್ಲದು, ಟ್ಯೂನರ್ ಸುಳ್ಳು ಹೇಳುತ್ತಿಲ್ಲ. ಗೇರ್‌ಬಾಕ್ಸಿನ ಕೈಯಲ್ಲಿ ಮಾತ್ರ ಅದನ್ನು ಹಿಡಿದುಕೊಳ್ಳಲು ಜಾಗವಿಲ್ಲ. ವಾರಂಟಿ ಹೋಗುವುದು ಬೇರೆ.

ಅಡಿ, ಚಕ್ರ, ಬ್ರೇಕು

ನೆಲದಿಂದ ಎತ್ತರ ಖಾಲಿ ಗಾಡಿಗೆ 179 ಮಿಲಿಮೀಟರ್, ಪೂರ್ತಿ ತುಂಬಿದಾಗ 145. ಈ 34 ಮಿಲಿಮೀಟರಿನಲ್ಲಿ ಇಡೀ ಕರ್ನಾಟಕದ ಹಂಪುಗಳು ಅಡಗಿವೆ. ಇಬ್ಬರೇ ಇದ್ದಾಗ ಎಲ್ಲೂ ತಾಗದ ಕಾರು, ಹಿಂದೆ ಮೂವರು ಕೂತು 521 ಲೀಟರಿನ ಡಿಕ್ಕಿಯಲ್ಲಿ ಮದುವೆ ಸಾಮಾನು ತುಂಬಿದ ದಿನ ಹಳ್ಳಿ ಶಾಲೆ ಮುಂದಿನ ಚೂಪು ಹಂಪಿನಲ್ಲಿ ಹೊಟ್ಟೆ ಉಜ್ಜುತ್ತದೆ. ಅಂಥ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಮೊದಲು ಪೆಟ್ಟು ತಿನ್ನುವುದು ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ. ಎರಡು ಕ್ಲಿಪ್ ಕಳಚಿ, 80ರ ವೇಗದಲ್ಲಿ ಫಡಫಡ ಬಡಿದುಕೊಳ್ಳತೊಡಗಿದರೆ ಜನ ಗೇರ್‌ಬಾಕ್ಸ್ ಹೋಯಿತೆಂದು ಹೆದರುತ್ತಾರೆ. ಮೊದಲು ಬಗ್ಗಿ ನೋಡಿ.

ಸಸ್ಪೆನ್ಷನ್ ಹದ ಚೆನ್ನಾಗಿದೆ. ಆಗುಂಬೆಯ 14 ತಿರುವುಗಳಲ್ಲಿ ಕಾರು ಮೈ ವಾಲಿಸದೆ ತಿರುಗುತ್ತದೆ, ಹಿಂದೆ ಕೂತ ಅಜ್ಜಿಗೂ ಹೊಟ್ಟೆ ತೊಳಸುವುದಿಲ್ಲ. ನಲವತ್ತು ಐವತ್ತು ಸಾವಿರದ ಹೊತ್ತಿಗೆ ಸಣ್ಣ ಗುಂಡಿಗಳ ಮೇಲೆ ಮುಂದಿನಿಂದ ಟಕ್ ಟಕ್ ಸದ್ದು ಶುರುವಾದರೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ರಾಡ್ ಮೇಲೆ. ಅಗ್ಗದ ಪಾರ್ಟು, ಜೋಡಿಯಾಗಿ ಬದಲಿಸಬೇಕು. ನಿಂತಲ್ಲೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದಾಗ ಕಿರ್ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್. ಬ್ರೇಕ್ ಹಾಕಿದಾಗ ಒಮ್ಮೆ ಮಾತ್ರ ಧಡ್ ಎಂದರೆ ಲೋವರ್ ಆರ್ಮ್ ಬುಶ್. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ನಾಲ್ಕನ್ನೂ ಬದಲಿಸಲು ಹೇಳಿದರೆ, ಎಣ್ಣೆ ಸೋರಿದ ಗುರುತು ತೋರಿಸಿ ಎಂದು ಕೇಳಿ.

ಟಯರ್ 205/55 ಆರ್16. ಎಲ್ಲ ಊರಲ್ಲೂ ಸಿಗುವ ಅಳತೆ, ಬದಲಿಸಿ 17 ಇಂಚಿಗೆ ಹೋಗಲು ಕಾರಣವಿಲ್ಲ. ಗುಂಡಿಯಲ್ಲಿ ರಿಮ್ಮು ಬೆಂಡಾಗುವುದೊಂದೇ ಲಾಭ. ಟಯರ್ ಗಾಳಿಯ ಎಚ್ಚರಿಕೆ ವ್ಯವಸ್ಥೆಗೆ ಒಳಗೆ ಸೆನ್ಸರ್ ಇಲ್ಲ. ಎಬಿಎಸ್ ಚಕ್ರಗಳ ತಿರುಗುವ ವೇಗ ಹೋಲಿಸಿ ಊಹಿಸುತ್ತದೆ. ನಾಲ್ಕರಲ್ಲೂ ಸಮನಾಗಿ ಗಾಳಿ ಇಳಿದರೆ ಅದಕ್ಕೆ ತಿಳಿಯದು. ಗಾಳಿ ತುಂಬಿಸಿದ ಪ್ರತಿ ಸಲ ಸ್ಕ್ರೀನಿನಲ್ಲಿ ಸೆಟ್ ಒತ್ತದಿದ್ದರೆ ಹಳೆಯ ಲೆಕ್ಕದಲ್ಲೇ ಸುಳ್ಳು ಕೂಗು ಹಾಕುತ್ತದೆ.

ಪಂಕ್ಚರ್ ಆದಾಗ ಮಾರುತಿ, ಹುಂಡೈಯಿಂದ ಬಂದವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಇಲ್ಲಿ ಹಬ್ಬಿನಿಂದ ಹೊರಚಾಚಿದ ಸ್ಟಡ್ ಇಲ್ಲ, ನಟ್ಟೂ ಇಲ್ಲ. ಐದು ಬೋಲ್ಟುಗಳು ಹೊರಗಿನಿಂದ ಹಬ್ಬಿನ ತೂತಿಗೆ ಹೋಗುತ್ತವೆ. ಅಂದರೆ ಚಕ್ರವನ್ನು ನೇತುಹಾಕಲು ಏನೂ ಇಲ್ಲ, ಕೈಯಲ್ಲಿ ಎತ್ತಿ ಹಿಡಿದು ತೂತು ಹೊಂದಿಸಬೇಕು. ರಾತ್ರಿ ಮಳೆಯಲ್ಲಿ ಇದು ದೊಡ್ಡ ತಲೆನೋವು. ಸುಲಭ ದಾರಿ: ಶೂ ತುದಿಯನ್ನು ಟಯರಿನ ಅಡಿ ತೂರಿಸಿ, ಕಾಲನ್ನೇ ಸನ್ನೆ ಮಾಡಿಕೊಂಡು ಎತ್ತಿ, ಮೇಲ್ತುದಿಯ ತೂತಿಗೆ ಮೊದಲ ಬೋಲ್ಟನ್ನು ಬೆರಳಿನಿಂದಲೇ ಮೂರು ಸುತ್ತು ತಿರುಗಿಸಬೇಕು. ಅದು ಕೂತರೆ ಉಳಿದವು ತಾವಾಗಿ ಹೊಂದುತ್ತವೆ. ಬಿಗಿಯುವ ಲೆಕ್ಕ 120 ನ್ಯೂಟನ್ ಮೀಟರ್, ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು. ಟಯರ್ ಅಂಗಡಿಯವರು ಗಾಳಿ ಗನ್ನಿನಲ್ಲಿ ಮೊದಲ ಬೋಲ್ಟಿಗೇ ಗರ್ರ್ ಎಂದು ಹೊಡೆದರೆ ಎಳೆ ಹಾಳಾಗುವುದು ಹಬ್ಬಿನದ್ದು. ಎರಡು ಎಳೆ ಕೈಯಲ್ಲೇ ಹಿಡಿಸಿ, ಕೊನೆಗೆ ಟಾರ್ಕ್ ರೆಂಚ್ ಎಂದು ನಿಂತು ಹೇಳಬೇಕು. ಅವರ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಮುಂದಿನ ಬ್ರೇಕ್ ಕ್ಯಾಲಿಪರಿಗೆ ಕೆಂಪು ಬಳಿದಿದ್ದಾರೆ, ಹಿಂದೆ ಡ್ರಮ್. ಊರಿನೊಳಗೆ ಮತ್ತು ಹೆದ್ದಾರಿಯಲ್ಲಿ ಇದರಿಂದ ಏನೂ ಕಮ್ಮಿಯಾಗಿಲ್ಲ, ಡ್ರಮ್ಮಿನ ಶೂ ಬಹಳ ಕಾಲ ಬಾಳುತ್ತವೆ ಕೂಡ. ಚಾರ್ಮಾಡಿಯಂಥ ಉದ್ದದ ಇಳಿತವನ್ನು ಡಿಯಲ್ಲಿಟ್ಟು ಬ್ರೇಕ್ ಮೇಲೇ ಇಳಿದರೆ ಮಾತ್ರ ಮುಂದಿನ ಡಿಸ್ಕಿನ ಮೇಲೆ ಹೊರೆ ಬಿದ್ದು ಪೆಡಲ್ ಮೆತ್ತಗಾಗುತ್ತದೆ. ಪ್ಯಾಡಲ್‌ನಿಂದ ಎರಡು, ಮೂರರಲ್ಲಿ ಹಿಡಿದು ಇಳಿಸಿ. ಇದೇ ವರ್ಗದ ಹುಂಡೈ ವರ್ನಾ ಟರ್ಬೊದಲ್ಲಿ ಹಿಂದೆಯೂ ಡಿಸ್ಕ್ ಇದೆ, 160 ಪಿಎಸ್ ಇದೆ. ಅಂಕಿ ಹೋಲಿಸುವವರಿಗೆ ಅದು ಗೆದ್ದಂತೆ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ ಎಂಬುದನ್ನು ಹೋಲಿಸುವವರು ವರ್ಟಸ್‌ಗೇ ಮರಳುತ್ತಾರೆ. ಬ್ರೇಕ್ ಫ್ಲೂಯಿಡ್ ಡಾಟ್ 4, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮಲೆನಾಡು, ಕರಾವಳಿಯಲ್ಲಿ ಇದನ್ನು ಮುಂದೂಡಬಾರದು, ತೇವ ಹೀರಿದ ಫ್ಲೂಯಿಡ್ ಬಿಸಿಯಾದಾಗ ಕುದಿಯುತ್ತದೆ.

ಒಳಗೆ

ಬೇಗ ಹೇಳಿ ಮುಗಿಸಬಹುದು. ಮುಂದಿನ ಸೀಟು ದೂರ ಪ್ರಯಾಣಕ್ಕೆ ಒಳ್ಳೆಯದು, ಅದರ ಗಾಳಿ ಫ್ಯಾನು ಜೋರಿಟ್ಟರೆ ಹಾಡಿನ ಜೊತೆ ಫ್ಯಾನನ್ನೂ ಕೇಳಬೇಕು. ಎಸಿಯ ಗುಂಡಿಗಳ ಜಾಗದಲ್ಲಿ ಮುಟ್ಟುವ ಪಟ್ಟಿ ಕೊಟ್ಟದ್ದು ತಪ್ಪು. ಹೊಂಡ ಬಿದ್ದ ರಸ್ತೆಯಲ್ಲಿ ಒಂದು ಡಿಗ್ರಿ ಇಳಿಸಲು ಹೋಗಿ ಬೇರೇನೋ ಒತ್ತಿಹೋಗುತ್ತದೆ. ಹಿಂದೆ ಇಬ್ಬರಿಗೆ ಕಾಲು ಚಾಚಲು ಧಾರಾಳ, ನಡುವಿನ ಮೂರನೆಯವರಿಗೆ ನೆಲದ ಉಬ್ಬು ಮತ್ತು ಅಗಲದ ಕೊರತೆ ಎರಡೂ ಕಾಟ. ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ದೊಡ್ಡವರು, ಮಕ್ಕಳು ಇಬ್ಬರ ಸುರಕ್ಷತೆಗೂ 5 ನಕ್ಷತ್ರ ಕೊಟ್ಟಿದೆ. ಬಾಗಿಲು ಹಾಕುವಾಗಿನ ತೂಕದಲ್ಲೇ ಅರ್ಧ ನಂಬಿಕೆ ಬರುತ್ತದೆ ಬಿಡಿ.

ಸರ್ವಿಸ್ ವರ್ಷಕ್ಕೊಮ್ಮೆ ಅಥವಾ 15,000 ಕಿಲೋಮೀಟರಿಗೆ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಎಂಜಿನ್ ಓಡುವ ಗಂಟೆ ಹೆಚ್ಚು, ಕಿಲೋಮೀಟರ್ ಕಡಿಮೆ. ಅಂಥವರು ವರ್ಷ ತುಂಬುವ ಮೊದಲೇ ನಡುವೆ ಒಮ್ಮೆ ಎಣ್ಣೆ ಬದಲಿಸಿದರೆ ಟರ್ಬೊಗೆ ಒಳ್ಳೆಯದು. ಹಿಡಿಯುವುದು ನಾಲ್ಕು ಲೀಟರ್ ಚಿಲ್ಲರೆ, ಡಬ್ಬಿಯ ಮೇಲೆ ಮ್ಯಾನುಯಲಿನಲ್ಲಿ ಹೇಳಿದ ಫೋಕ್ಸ್‌ವ್ಯಾಗನ್ ಸ್ಟ್ಯಾಂಡರ್ಡ್ ಸಂಖ್ಯೆ ಇರಲೇಬೇಕು. ಸ್ಪಾರ್ಕ್ ಪ್ಲಗ್ 60,000ದ ಸುಮಾರಿಗೆ. ಬ್ಯಾಟರಿ ಬದಲಿಸುವಾಗ ಮಾಮೂಲಿ ಬ್ಯಾಟರಿ ಹಾಕಿಸಬೇಡಿ. ಸಿಗ್ನಲಿನಲ್ಲಿ ಎಂಜಿನ್ ತಾನೇ ಆರಿ ಹೊತ್ತುವ ಕಾರಿಗೆ ಇಎಫ್‌ಬಿ ಮಾದರಿಯದ್ದೇ ಬೇಕು, ಇಲ್ಲದಿದ್ದರೆ ಬೇಗ ಸತ್ತು, ಅದಕ್ಕೂ ಮುಂಚೆ ಅರ್ಥವಾಗದ ಹತ್ತು ದೀಪ ಹತ್ತಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು

2022, 2023ರ ಗಾಡಿಗಳು ಈಗ ಮಾರುಕಟ್ಟೆಗೆ ಬರುತ್ತಿವೆ. ಹೊಳಪು, ಸೀಟು, ಟಯರ್ ಎಲ್ಲ ಆಮೇಲೆ ನೋಡಬಹುದು, ಮೊದಲು ಗೇರ್‌ಬಾಕ್ಸ್. ಮಾಲೀಕರಿಗೆ ಎಂಜಿನ್ ಚಾಲೂ ಮಾಡಿಡಬೇಡಿ ಎಂದು ಮೊದಲೇ ಹೇಳಿ, ತಣ್ಣಗಿರುವ ಗಾಡಿಯಲ್ಲೇ ಹತ್ತಿ. ಸಮತಟ್ಟಿನಲ್ಲಿ ಡಿ ಹಾಕಿ ಬ್ರೇಕ್ ಮಾತ್ರ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ. ಮೈ ನಡುಗಿದರೆ ಕೆ1. ಹಾಗೆಯೇ ರಿವರ್ಸ್ ಹಾಕಿ, ಸಾಧ್ಯವಾದರೆ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪನ್ನು ಹಿಂದುಹಿಂದಾಗಿ ನಿಧಾನ ಹತ್ತಿಸಿ. ಅಲ್ಲಿ ನಡುಗಿದರೆ ಕೆ2. ಆಮೇಲೆ ಅರ್ಧ ಗಂಟೆ ಟ್ರಾಫಿಕ್ಕಿನಲ್ಲೇ ಓಡಿಸಿ ಬಿಸಿ ಮಾಡಿ ಇದೆಲ್ಲ ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ಸುಮ್ಮನಿದ್ದ ಕ್ಲಚ್ ಬಿಸಿಯಾದಾಗ ಬಾಯಿ ಬಿಡುತ್ತದೆ. ನಿಧಾನವಾಗಿ ನಿಲ್ಲಿಸುವಾಗ ಎರಡರಿಂದ ಒಂದಕ್ಕೆ ಇಳಿಯುವ ಗಳಿಗೆಯಲ್ಲಿ ಒಂದು ಸಣ್ಣ ತಳ್ಳು ಸಾಮಾನ್ಯ, ಠಕ್ ಎಂಬ ಪೆಟ್ಟು ಸಾಮಾನ್ಯವಲ್ಲ.

ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಕೋಡುಗಳನ್ನು ಪ್ರತ್ಯೇಕ ಓದಿಸಿ. ಪಿ17ಬಿಎಫ್ ಕಂಡರೆ ಅದು ಮೆಕಾಟ್ರಾನಿಕ್ಕಿನ ಒತ್ತಡದ ದೂರು, ಚೌಕಾಸಿಗೂ ಕೂರಬೇಡಿ, ಎದ್ದುಬನ್ನಿ. ಕೋಡ್ ಒಂದೂ ಇಲ್ಲದಿದ್ದರೆ ಇತ್ತೀಚೆಗೆ ಅಳಿಸಿದ್ದಾರೆಯೇ ಎಂದೂ ಕೇಳಬೇಕು. ಅಡಾಪ್ಟೇಷನ್, ಅಂದರೆ ಕ್ಲಚ್ ಹಿಡಿಯುವ ಲೆಕ್ಕವನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವ ಕೆಲಸ, ಹೊಸದಾಗಿ ಮಾಡಿಸಿದ ಗಾಡಿ ಕೆಲವು ದಿನ ಬೆಣ್ಣೆಯ ಹಾಗೆ ಓಡಿ ಆಮೇಲೆ ಹಳೇ ಚಾಳಿಗೆ ಬೀಳುವುದುಂಟು, ಅದಕ್ಕೇ ಸರ್ವಿಸ್ ಇತಿಹಾಸದಲ್ಲಿ ಕಳೆದ ಎರಡು ತಿಂಗಳ ಪುಟ ತಪ್ಪದೆ ನೋಡಿ. ರೀಮ್ಯಾಪ್ ಮಾಡಿ ವಾಪಸ್ ತೆಗೆದ ಗಾಡಿಯೋ ಎಂದು ನೇರ ಪ್ರಶ್ನೆ ಕೇಳಿ, ಉತ್ತರ ಬರಲು ತಡವಾದರೆ ಅದೂ ಒಂದು ಉತ್ತರವೇ.

ಆರು ಗೇರಿನ ಮ್ಯಾನುಯಲ್ ಜಿಟಿ 2023ರಲ್ಲಿ ಬಂತು. ಅದೇ ಎಂಜಿನ್, ಲಕ್ಷದ ಭಯವಿಲ್ಲ, ಕ್ಲಚ್ ಪ್ಲೇಟ್ ಹೋದರೆ ಸಾಮಾನ್ಯ ಖರ್ಚು. 1600ರ ಕೆಳಗೆ ಟರ್ಬೊ ಏಳುವವರೆಗೆ ಸ್ವಲ್ಪ ಎಳೆದಾಡುತ್ತದೆ, ಊರೊಳಗೆ ಎಡಗಾಲಿಗೆ ದುಡಿಮೆ. ಹುಬ್ಬಳ್ಳಿ, ಶಿವಮೊಗ್ಗ, ಹಾಸನದಲ್ಲಿದ್ದು ಹೆಚ್ಚಾಗಿ ಹೆದ್ದಾರಿ ಓಡಿಸುವವರು ಅದನ್ನೇ ಮೊದಲು ಓಡಿಸಿ ನೋಡಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ಒಂದು ವಾರ ಯೋಚಿಸುತ್ತ ಕೂರಬೇಡಿ, ಅಷ್ಟರಲ್ಲಿ ಬೇರೆಯವರು ಅಡ್ವಾನ್ಸ್ ಕೊಟ್ಟಿರುತ್ತಾರೆ.